ಎರಡು ಚಮಚ ಹುಳಿಪುಡಿ

ಮಚ್ಛೇಂದ್ರನಿಗೆ ಬಣ್ಣ ತಿಳಿಯುವುದಿಲ್ಲ ಎಂದು ಜಿಜಾ ಮೊದಲ ವಾರದಲ್ಲೇ ತೀರ್ಮಾನಿಸಿಬಿಟ್ಟಿದ್ದಳು.

ಆದದ್ದು ಇಷ್ಟೇ. ಅವತ್ತು ಅವಳು ಪಿಸ್ತಾ ಬಣ್ಣದ ದುಪಟ್ಟಾ ಹಾಕಿಕೊಂಡು ಬಂದಿದ್ದಳು. ಕೆಲಸಕ್ಕೆ ಹೊಸದಾಗಿ ಸೇರಿದ್ದ ಮಚ್ಛೇಂದ್ರ, ಏನಾದರೂ ಮಾತಾಡಬೇಕಲ್ಲ ಎಂದು ಮಾತಾಡುವವನ ಹಾಗೆ, ನಿಮ್ಮ ನೀಲಿ ದುಪಟ್ಟಾ ಛಲೋ ಅದರಿ ಎಂದಿದ್ದ. ಜಿಜಾ ದುಪಟ್ಟಾ ನೋಡಿಕೊಂಡಳು, ಅವನ ಮುಖ ನೋಡಿದಳು. ಪಾಪ, ಹುಟ್ಟಿನಿಂದಲೇ ಇರಬೇಕು ಅಂದುಕೊಂಡಳು.

ಬೇರೆ ಕೆಲಸವಾಗಿದ್ದರೆ ಈ ಐಬು ನಡೆದುಹೋಗುತ್ತಿತ್ತು. ಇವರಿಬ್ಬರ ಕೆಲಸವೋ, ಬಣ್ಣ ನೋಡುವುದೇ. ಬೀದರಿನಲ್ಲಿ ಡಾಕ್ಟರ್ ಜಹೀರೋದ್ದೀನರದು ಮೊಣಕಾಲು ನೋವಿನ ದವಾಖಾನೆ. ಹಿಂದಿನ ಕೋಣೆಯಲ್ಲಿ ಆರು ಮಂದಿ ಕೂರುವಷ್ಟು ದೊಡ್ಡ ಬಿಸಿನೀರಿನ ಟಬ್. ಕೆಳಗಿನಿಂದ ಗಾಳಿಯ ಗುಳ್ಳೆ ಏಳುತ್ತವೆ, ನೀರು ಮೈ ಒತ್ತುತ್ತದೆ, ನೋವು ಇಳಿಯುತ್ತದೆ. ಬೆಳಿಗ್ಗೆ ಹೆಂಗಸರ ಪಾಳಿ, ಅದು ಜಿಜಾಳದು. ಮಧ್ಯಾಹ್ನದ ಮೇಲೆ ಗಂಡಸರ ಪಾಳಿ, ಅದು ಮಚ್ಛೇಂದ್ರನದು. ದಿನಕ್ಕೆ ಮೂವತ್ತು ಮಂದಿ ಅದೇ ನೀರಿಗೆ ಇಳಿದು ಏಳುತ್ತಾರೆ. ಬೆವರು, ಎಣ್ಣೆ, ಮುಲಾಮು, ಎಲ್ಲವೂ ಅದಕ್ಕೇ.

ಹಾಗಾಗಿ ದಿನಕ್ಕೆ ಮೂರು ಸಲ ಗಾಜಿನ ಕೊಳವೆಯಲ್ಲಿ ನೀರು ಹಿಡಿದು, ಐದು ಹನಿ ಔಷಧ ಬಿಟ್ಟು, ಬಂದ ಬಣ್ಣ ನೋಡಿ ರಿಜಿಸ್ಟರಿನಲ್ಲಿ ಪಿಎಚ್ ಬರೆಯಬೇಕು. ಹಳದಿಯಾದರೆ ನೀರು ಹುಳಿ. ಗುಲಾಲಿನ ಬಣ್ಣವಾದರೆ ಸವಳು, ಅಂದರೆ ಕ್ಷಾರ. ನಡುವೆ ಕಿತ್ತಳೆ ಸಿಪ್ಪೆಯ ಬಣ್ಣ ಬಂದರೆ ಏಳೂವರೆಯ ಆಚೀಚೆ, ಅದು ಸರಿ. ಸವಳು ಏರಿದರೆ ಹುಳಿಪುಡಿ ಒಂದು ಚಮಚ, ಹುಳಿ ಏರಿದರೆ ಅಡುಗೆ ಸೋಡಾ.

ಒಳ್ಳೆಯ ಕಾಲದಲ್ಲಿ ಹದಿನೈದು ದಿನಕ್ಕೊಮ್ಮೆ ನೀರು ಬದಲಿಸುತ್ತಿದ್ದರು. ಇದು ೨೦೧೬ರ ಏಪ್ರಿಲ್. ಪಕ್ಕದ ಲಾತೂರಿಗೆ ರೈಲಿನಲ್ಲಿ ನೀರು ಹೋಗುತ್ತಿತ್ತು. ಔರಾದ ತಾಲ್ಲೂಕಿನ ಎಕಂಬಾದಲ್ಲಿ ಜಿಜಾಳ ಓಣಿಯ ಅರ್ಧ ಮನೆಗಳಿಗೆ ಬೀಗ ಬಿದ್ದಿತ್ತು. ಡಾಕ್ಟರು ಇಬ್ಬರನ್ನೂ ಕರೆದು ಹೇಳಿಬಿಟ್ಟಿದ್ದರು: ಟ್ಯಾಂಕರ್ ನೀರು ಕುಡಿಯಲಿಕ್ಕಷ್ಟೇ, ಟಬ್ಬಿನ ಈ ನೀರು ಮಳೆ ಬೀಳುವ ತನಕ ಬರಬೇಕು. ಕೆಟ್ಟರೆ ಟಬ್ಬೂ ಬಂದ್, ನಿಮ್ಮ ನೌಕರಿಯೂ ಬಂದ್.

ಬಂದ್ ಆದರೆ ಜಿಜಾಳಿಗೆ ಪುಣೆ. ಅಲ್ಲಿನ ಹಾಸ್ಟೆಲೊಂದರಲ್ಲಿ ಚಿಕ್ಕಮ್ಮ ಕೆಲಸ ಹೇಳಿಟ್ಟಿದ್ದಳು. ಮಚ್ಛೇಂದ್ರನಿಗೆ ಹೈದರಾಬಾದು. ಭಾಲ್ಕಿ ಕಡೆಯ ಸಾಯಗಾಂವದ ಅವನ ಗೆಳೆಯರೆಲ್ಲ ಆಗಲೇ ಅಲ್ಲಿದ್ದರು. ಎರಡೂ ರೈಲು ಬೀದರ ಸ್ಟೇಷನ್ನಿನಿಂದಲೇ ಹೊರಡುತ್ತವೆ, ಒಂದು ಈ ಕಡೆಗೆ, ಒಂದು ಆ ಕಡೆಗೆ. ಆ ಹೈದರಾಬಾದು ರೈಲಿನ ವಿಚಾರ ಬಂದಾಗೆಲ್ಲ ಜಿಜಾಳಿಗೆ ಊಟ ಸೇರುತ್ತಿರಲಿಲ್ಲ.

ಇಬ್ಬರೂ ಎದುರಾಗುತ್ತಿದ್ದದ್ದು ಪಾಳಿ ಬದಲಾಗುವ ಹತ್ತು ನಿಮಿಷ. ಅವನು ಕೊಳವೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ನಾಲಿಗೆಯ ತುದಿಯನ್ನು ಹಲ್ಲಿನ ನಡುವೆ ಇಟ್ಟುಕೊಂಡು ನೋಡುತ್ತಿದ್ದ. ಜಿಜಾ ಮಡಚಿದ ಟವೆಲನ್ನೇ ಮತ್ತೆ ಮಡಚುತ್ತ ಅವನನ್ನು ನೋಡುತ್ತಿದ್ದಳು. ಅವನು ಬರುವುದಕ್ಕೆ ಐದು ನಿಮಿಷ ಮೊದಲು ಅವಳ ಚಷ್ಮಾ ಚೀಲಕ್ಕೆ ಹೋಗುತ್ತಿತ್ತು. ಅದನ್ನು ಹಾಕಿಕೊಂಡರೆ ಶಾಲೆಯಲ್ಲಿ ಪಾಠ ಹೇಳುವ ಸಾಲಿ ಬಾಯಿಯ ಹಾಗೆ ಕಾಣುತ್ತಾಳಂತೆ, ಹಾಗೆಂದು ಅವಳಿಗೆ ಅವಳೇ ಹೇಳಿಕೊಂಡಿದ್ದಳು.

ಮೂರು ವಾರದಿಂದ ಒಂದು ವಿಚಿತ್ರ ನಡೆಯುತ್ತಿತ್ತು. ಬೆಳಿಗ್ಗೆ ಸರಿಯಿದ್ದ ನೀರು ಹನ್ನೆರಡೂ ಮುಕ್ಕಾಲಿಗೆ ಗುಲಾಲಿನ ಬಣ್ಣಕ್ಕೆ ತಿರುಗುತ್ತಿತ್ತು. ಜಿಜಾ ಯೋಚಿಸಿದಳು: ಬಣ್ಣ ತಿಳಿಯದ ಮನುಷ್ಯ, ಸಂಜೆ ಸೋಡಾ ಸುರಿದು ಹೋಗುತ್ತಾನೆ, ಅದು ತಳದಲ್ಲಿ ಕೂತು ಬೆಳಿಗ್ಗೆ ಕರಗುತ್ತದೆ. ಡಾಕ್ಟರಿಗೆ ಗೊತ್ತಾದರೆ ಅವನು ನಾಳೆಯೇ ಹೈದರಾಬಾದು ರೈಲು ಹತ್ತಬೇಕು. ಅವಳು ಸದ್ದಿಲ್ಲದೆ ಒಂದು ಚಮಚ ಹುಳಿಪುಡಿ ಹಾಕಿ ರಿಜಿಸ್ಟರಿನಲ್ಲಿ ೭.೪ ಎಂದು ಬರೆದಳು. ಮರುದಿನವೂ ಅಷ್ಟೇ, ಅದರ ಮರುದಿನವೂ.

ಗುರುವಾರ ಹೆಂಗಸರು ಟಬ್ಬಿನಿಂದ ಕೆರೆದುಕೊಳ್ಳುತ್ತ ಎದ್ದರು. ಮೈಯೆಲ್ಲ ಕೆಂಪು, ಕಣ್ಣುರಿ. ಡಾಕ್ಟರು ತಾವೇ ಬಂದು ನೀರು ಹಿಡಿದು ನೋಡಿದರು. ಕೊಳವೆಯಲ್ಲಿ ನಿಂಬೆಹಣ್ಣಿನ ಹಳದಿ. ಆಗಷ್ಟೇ ಬಂದ ಮಚ್ಛೇಂದ್ರ ಬಾಗಿಲಲ್ಲೇ ನಿಂತ. ಡಾಕ್ಟರು ರಿಜಿಸ್ಟರು ತಿರುವಿದರು. ಮೂರು ವಾರ, ಇಬ್ಬರ ಕೈಬರಹದಲ್ಲೂ ೭.೪, ೭.೪, ೭.೪.

"ಇದು ನೀರಿನ ಹಿಸಾಬೋ ಹಣೀಬರಹನೋ? ಯಾರು ಏನ್ ಹಾಕೀರಿ ಆಮ್ಯಾಲ ಕೇಳ್ತೇನಿ," ಎಂದರು ಡಾಕ್ಟರು. "ಗಂಡಸರಿಗೆ ಐದಕ್ಕ ಬರ್ರಿ ಅಂತ ಹೇಳ್ತೇನಿ. ಐದಕ್ಕ ಬರೋಬರ್ ಇರ್ಲಿಲ್ಲಂದ್ರ ಬೂಚ ತೆಗೆದು ನೀರು ಬಿಡ್ರಿ. ಕಥಿ ಮುಗೀತು."

ಅವರು ಹೋದ ಮೇಲೆ ಸುಮ್ಮನೆ ನಿಲ್ಲಲಾರದೆ ಜಿಜಾ ಫಿಲ್ಟರು ಬಿಚ್ಚಿದಳು. ಒಳಗೆ ಬೆರಳುದ್ದ ಬಿಳಿ ಕೆಸರು. ಸೋಡಾ ಅಲ್ಲ, ಸೋಡಾ ಕರಗಿಹೋಗುತ್ತದೆ. ಮೂಸಿ ನೋಡಿದಳು. ಪೂಜೆಯ ಕೋಣೆಯ ವಾಸನೆ.

ಹೊರಗಿನ ಬೆಂಚಿನ ಮೇಲೆ ಭಾಲ್ಕಿಯ ಗುರಮ್ಮ ನಾಲ್ಕರ ಬಸ್ಸಿಗಾಗಿ ಕಾಯುತ್ತ ಕೂತಿದ್ದಳು. ದಿನವೂ ಹಣೆಗೆ, ತೋಳಿಗೆ, ಎರಡೂ ಮೊಣಕಾಲಿಗೆ ವಿಭೂತಿ ಧರಿಸಿ ಬರುವವಳು. ಜಿಜಾ ಬಿಳಿ ಮೆತ್ತಿದ ಬೆರಳು ತೋರಿಸಿದಾಗ ಮುದುಕಿ ಏನನ್ನೂ ಮುಚ್ಚಿಡಲಿಲ್ಲ.

"ನೀರು ಕೆಟ್ರ ನಿಮ್ಮಿಬ್ಬರದೂ ನೌಕರಿ ಹೋಗ್ತದಂತ ಕೇಳೀನವ್ವ. ಅದಕ್ಕ ದಿನಾ ಒಂದು ಮುಷ್ಟಿ ವಿಭೂತಿ ಬಿಡ್ತಿದ್ದೆ. ಕೆಡಬಾರ್ದಂತ."

ಜಿಜಾ ಒಳಗೆ ಬಂದು ಮಚ್ಛೇಂದ್ರನಿಗೆ ಹೇಳಿದಳು. ವಿಭೂತಿ ಎಂದರೆ ಬೂದಿ, ಬೂದಿ ನೀರನ್ನು ಸವಳು ಮಾಡುತ್ತದೆ. ಅಲ್ಲಿಗೆ ಗುಲಾಲಿನ ಬಣ್ಣದ ಗುಟ್ಟು ಬಯಲಾಯಿತು. ಆದರೆ ಇವತ್ತಿನ ಹುಳಿ ಎಲ್ಲಿಂದ ಬಂತು? ಮಚ್ಛೇಂದ್ರ ನೆಲ ನೋಡುತ್ತ ನಿಂತ.

"ನಾನೇ ಹಾಕೀನ್ರಿ," ಎಂದ. "ನೀವು ಹೋದ ಮ್ಯಾಲ, ದಿನಾ ಒಂದು ಚಮಚ. ನೀರು ಗುಲಾಲು ಇರ್ತಿತ್ತು, ನೀವು ೭.೪ ಬರೀತಿದ್ರಿ. ಚಷ್ಮಾ ಚೀಲದಾಗಿಟ್ಟು ಬರ್ದ್ರ ಬಣ್ಣ ಹ್ಯಾಂಗ ಕಾಣ್ತದ ಅಂತ…"

ಚಷ್ಮಾದ ಸುದ್ದಿ ಇವನಿಗೆ ಗೊತ್ತಿದೆ. ಜಿಜಾಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆದರೂ ಹೇಳಿದಳು.

"ನಾನೂ ಹಾಕ್ತಿದ್ದೆ. ನೀವು ಬರೂಕಿಂತ ಮೊದ್ಲು. ನಿಮಗ ಬಣ್ಣ ತಿಳೀದಿಲ್ಲಂತ."

"ನನಗ?"

"ಪಿಸ್ತಾ ದುಪಟ್ಟಾಕ್ಕ ನೀಲಿ ಅಂದಿದ್ರಿ."

ಮಚ್ಛೇಂದ್ರ ಮೆಲ್ಲಗೆ, "ಅವತ್ತು ನಾ ದುಪಟ್ಟಾ ನೋಡಿದ್ದೇ ಇಲ್ರಿ," ಎಂದ.

ಅವಳ ಕಿವಿಗಳು ಬಿಸಿಯಾದವು. ಇಬ್ಬರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರೆ. ಇಲ್ಲಿ ಇಬ್ಬರ ಉಪಚಾರದಲ್ಲೇ ನೀರು ಬಡವಾಗಿತ್ತು. ಅವಳ ಚಮಚ ನೀರಿನಲ್ಲಿ ಬೆರೆಯುವ ಮೊದಲೇ ಅವನ ಚಮಚ ಬೀಳುತ್ತಿತ್ತು. ದಿನದಿಂದ ದಿನಕ್ಕೆ ಹುಳಿಯನ್ನು ತಾಳಿಕೊಳ್ಳುವ ನೀರಿನ ಹಿಡಿತ ಸವೆದು ಕಡೆಗೆ ಒಮ್ಮೆಲೇ ಕುಸಿದಿತ್ತು.

ಗಡಿಯಾರದಲ್ಲಿ ಒಂದೂವರೆ. ಜಿಜಾ ಚೀಲದಿಂದ ಚಷ್ಮಾ ತೆಗೆದು ಹಾಕಿಕೊಂಡಳು. ನೋಡುವವನು ನೋಡಲಿ. ಮಚ್ಛೇಂದ್ರ ಅಡುಗೆ ಸೋಡಾ ಅಳೆದ, ಅವಳು ತಕ್ಕಡಿಯ ಮುಳ್ಳು ನೋಡಿ ಹೂಂ ಅಂದ ಮೇಲೆಯೇ ನೀರಿಗೆ ಬಿಟ್ಟ. ಸೋಡಾ ಹಿಡಿತವನ್ನು ಮರಳಿ ಕೊಡುತ್ತದೆ, ಉಳಿದ ಹುಳಿಯನ್ನು ತೆಗೆಯುವುದು ಗಾಳಿ. ಟಬ್ಬಿನ ಮುಚ್ಚಳ ತೆಗೆದಿಟ್ಟು ಗುಳ್ಳೆಯ ಮಷಿನ್ ಪೂರ್ತಿ ಬಿಟ್ಟರು. ಇನ್ನು ಕಾಯುವುದೇ ಕೆಲಸ. ಅವಸರಕ್ಕೆ ಇನ್ನೊಂದು ಚಮಚ ಹಾಕಿದರೆ ಮುಗಿದೇಹೋಯಿತು.

ಇಬ್ಬರೂ ಟಬ್ಬಿನ ಕಟ್ಟೆಯ ಮೇಲೆ, ನಡುವೆ ಟವೆಲಿನ ಬುಟ್ಟಿ ಇಟ್ಟುಕೊಂಡು ಕೂತರು. ಅರ್ಧ ಗಂಟೆಗೊಮ್ಮೆ ಕೊಳವೆ ತುಂಬುವುದು, ಹನಿ ಬಿಡುವುದು, ಕಿಟಕಿಗೆ ಹಿಡಿಯುವುದು. ಇಬ್ಬರೂ ಒಂದೇ ಕೊಳವೆ ನೋಡಬೇಕಾದ್ದರಿಂದ ತಲೆಗಳು ಹತ್ತಿರ ಬರುತ್ತಿದ್ದವು. ಅವನ ಅಂಗಿಯಲ್ಲಿ ಬಿಸಿಲಿಗೆ ಒಣಗಿದ ಸಾಬೂನಿನ ವಾಸನೆ. ಎರಡು ಗಂಟೆಗೆ ಹಳದಿ. ಮೂರಕ್ಕೆ ಹಳದಿಯೇ, ಆದರೆ ಕಡಲೆಹಿಟ್ಟಿನ ಹಳದಿ. ಚಷ್ಮಾದಲ್ಲಿ ನೀವು ಸಾಲಿ ಬಾಯಿ ಕಂಡಂಗ ಕಾಣ್ತೀರಿ ಎಂದ ಅವನು. ಅವಳು ಮುಖ ಗಂಟು ಹಾಕಿದಳು. ತನಗೆ ಸಾಲಿ ಭಾಳ ಸೇರುತ್ತಿತ್ತೆಂದು ಅವನು ಮುಂದುವರಿಸಿದ. ಜಿಜಾ ಗುಳ್ಳೆಗಳ ಕಡೆ ತಿರುಗಿ ನಕ್ಕಳು.

ನಾಲ್ಕು ಗಂಟೆಗೆ ಭಾಲ್ಕಿಯ ಬಸ್ಸು ಹೋಯಿತು. ಗುರಮ್ಮ ಹತ್ತಲಿಲ್ಲ. ನೀರಿನ ಗತಿ ನೋಡದೆ ಹ್ಯಾಂಗ ಹೋಗ್ಲಿ ಎಂದು ಬೆಂಚಿನ ಮೇಲೆಯೇ ಉಳಿದಳು.

"ಒಂದು ಚಮಚಕ್ಕ ಇಷ್ಟು ಸುಳ್ಳು ಯಾಕ ಬರದ್ರಿ?" ಎಂದು ಜಿಜಾ ಕೇಳಿದಳು. ಉತ್ತರ ಬೇಕಾಗಿಯೂ ಇತ್ತು, ಭಯವೂ ಇತ್ತು.

"ನೀವು ಪುಣೆಗೆ ಹೋಗಬಾರ್ದಂತ. ನೌಕರಿ ನನಗ ಹೈದರಾಬಾದಿನ್ಯಾಗೂ ಸಿಗ್ತದ. ನೀವು ಸಿಗಂಗಿಲ್ಲ."

ಮಷಿನ್ ಗುರುಗುಡುತ್ತಿತ್ತು. ಜಿಜಾ ಬುಟ್ಟಿಯ ಟವೆಲೊಂದನ್ನು ತೆಗೆದು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. ಐದಕ್ಕ ಹೇಳ್ತೇನಿ ಎಂದಳು.

ಐದಕ್ಕೆ ಡಾಕ್ಟರು ಬಂದು ತಾವೇ ಹನಿ ಬಿಟ್ಟರು. ಬಣ್ಣ ಕಿತ್ತಳೆಗೆ ಬಂದು ನಿಂತಿತು. ಗಾಢವಾಗಿಲ್ಲ, ಎಳೆಯ ಕಿತ್ತಳೆ. ಡಾಕ್ಟರು ಬಣ್ಣದ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿದರು.

"ಏಳು ಪಾಯಿಂಟ್ ಎರಡು. ಸಾಕು," ಎಂದರು. "ಈಗ ಹೇಳ್ರಿ. ಹುಳಿಪುಡಿ ಹಾಕ್ದವರು ಯಾರು?"

"ನಾನು," ಎಂದರು ಇಬ್ಬರೂ.

ಡಾಕ್ಟರು ಅವಳನ್ನು ನೋಡಿದರು, ಅವನನ್ನು ನೋಡಿದರು, ಬಾಗಿಲಲ್ಲಿ ಕೈಮುಗಿದು ನಿಂತ ಗುರಮ್ಮನನ್ನೂ ನೋಡಿದರು. ಇನ್ನು ಮೇಲೆ ಇಬ್ಬರೂ ಕೂಡಿ ನೋಡಿ, ಕೂಡಿ ಬರೆಯಿರಿ, ಸುಳ್ಳು ಬರೆದರೆ ಮಾತ್ರ ಮನೆಗೆ ಕಳಿಸುತ್ತೇನೆ ಎಂದು ಹೇಳಿ ಗಂಡಸರನ್ನು ಕರೆಯಲು ಹೋದರು.

ಜಿಜಾ ರಿಜಿಸ್ಟರು ತೆಗೆದಳು. ಮೂರು ವಾರದಲ್ಲಿ ಮೊದಲ ಸಲ ನಿಜ ಬರೆದಳು, ೭.೨. ಪಕ್ಕದಲ್ಲಿ ಷರಾ ಎಂಬ ಕಾಲಮು ಇತ್ತು. ಅದರಲ್ಲಿ ಇದುವರೆಗೆ ಯಾರೂ ಏನೂ ಬರೆದಿರಲಿಲ್ಲ. ಚಷ್ಮಾ ಸರಿಮಾಡಿಕೊಂಡು ದುಂಡಗಿನ ಅಕ್ಷರದಲ್ಲಿ ಬರೆದಳು: ಪುಣೆಗೆ ಹೋಗೂದಿಲ್ಲ. ನಿಮ್ಮನ್ನ ಬಿಟ್ಟು ಎಲ್ಲೂ ಹೋಗೂದಿಲ್ಲ.

ರಿಜಿಸ್ಟರನ್ನು ಅವನ ಕಡೆ ಸರಿಸಿದಳು. ಮಚ್ಛೇಂದ್ರ ಅದನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದ. ಒಂದು ಕಣ್ಣು ಮುಚ್ಚಿದ. ನಾಲಿಗೆಯ ತುದಿ ಹಲ್ಲಿನ ನಡುವೆ ಬಂತು. ತುಂಬ ಹೊತ್ತು ನೋಡಿದ. ಆಮೇಲೆ ಪೆನ್ನು ತೆಗೆದುಕೊಂಡು ಕೆಳಗೆ ಬರೆದ: ನಾನೂ ನೋಡೀನಿ. ಬರೋಬರ್ ಅದ. ಸಹಿ ಮಾಡಿದ.