ಸೋರುವ ಜಾಕ್

ಗ್ಯಾರೇಜಿನ ಬೀಗದ ಕೈಯನ್ನು ಮಾವ ಕಿರಿಯ ಅಳಿಯನಿಗೆ ಕೊಟ್ಟದ್ದು ಮಧ್ಯಾಹ್ನದ ಊಟದ ಹೊತ್ತಿನಲ್ಲಿ, ನೀರಿನ ಲೋಟ ದಾಟಿಸಿದಷ್ಟು ಸಲೀಸಾಗಿ. ಹಿರಿಯ ಅಳಿಯ ಎದುರಿಗೇ ಕೂತಿದ್ದ.

"ಇನ್ಮೇಲೆ ನೀನೇ ತೆಗಿ, ನೀನೇ ಮುಚ್ಚು. ನನ್ನ ಕೈಲಿ ಆಗಲ್ಲ," ಎಂದರು ಮಾವ. ಆಮೇಲೆ ಹಿರಿಯವನ ಮುಖ ನೋಡಿ, ಸಮಾಧಾನ ಹೇಳುತ್ತಿದ್ದೇನೆ ಎಂದುಕೊಂಡು, "ನೀನು ಜೋಪಾನದ ಮನುಷ್ಯ ಕಣಪ್ಪ. ಆದ್ರೆ ಗ್ಯಾರೇಜ್ ನಡೆಸೋಕೆ ಕೈ ಓಡಬೇಕು," ಎಂದರು.

ಜೋಪಾನ. ಆ ಹೆಸರನ್ನು ಅವನಿಗೆ ಅಂಟಿಸಿದ್ದೇ ಷಡ್ಡಕ. ಹೆಂಡತಿಯ ತಂಗಿಯನ್ನು ಮದುವೆಯಾಗಿ ಗ್ಯಾರೇಜಿಗೆ ಬಂದ ಮೊದಲ ವಾರವೇ "ಜೋಪಾನದಣ್ಣ" ಎಂದು ಕರೆದಿದ್ದ. ಈಗ ಗಿರಾಕಿಗಳೂ ಹಾಗೆಯೇ ಕರೆಯುತ್ತಿದ್ದರು.

ಒಮ್ಮೆ ಜಾಕಿನಿಂದ ಕಾರು ಜಾರಿ ಮಾವನ ಬಲಗೈ ಬೆರಳುಗಳು ಜಜ್ಜಿಹೋಗಿ, ಅವನ್ನು ಕತ್ತರಿಸಬೇಕಾಗಿ ಬಂದಿತ್ತು. ಆ ವಾರವೇ ಹಿರಿಯ ಅಳಿಯ ಹಳೆಯ ಕಬ್ಬಿಣ ಕತ್ತರಿಸಿ ಬೆಸುಗೆ ಹಾಕಿ ಗಟ್ಟಿಯಾದ ಸ್ಟ್ಯಾಂಡುಗಳನ್ನು ಮಾಡಿದ. ಅಂದಿನಿಂದ ಅವನ ಕ್ರಮ ತಪ್ಪಿದ್ದಿಲ್ಲ. ಹಿಂದಿನ ಚಕ್ರಗಳಿಗೆ ಮರದ ತುಂಡು ಕೊಡುವುದು, ಕಾರೆತ್ತಿ ಸ್ಟ್ಯಾಂಡ್ ಇಡುವುದು, ಜಾಕ್ ಇಳಿಸಿ ಪೂರಾ ಭಾರ ಸ್ಟ್ಯಾಂಡಿನ ಮೇಲೆ ಕೂರಿಸುವುದು, ಭುಜ ಕೊಟ್ಟು ಅಲ್ಲಾಡಿಸಿ ನೋಡುವುದು. ಆಮೇಲಷ್ಟೇ ಕೆಳಗೆ ಹೋಗುವುದು. ಷಡ್ಡಕನಿಗೆ ಇದಕ್ಕೆಲ್ಲ ಪುರುಸೊತ್ತಿರಲಿಲ್ಲ. ಜಾಕ್ ಹೊಡೆದವನೇ ಬೆನ್ನ ಮೇಲೆ ಜಾರಿ ಒಳಗೆ ಹೋಗುತ್ತಿದ್ದ. ಸ್ಟ್ಯಾಂಡಿಗೆ ಅಂಗಿ ನೇತುಹಾಕುತ್ತಿದ್ದ.

"ಅಣ್ಣ, ನೀವು ಕಾರಿಗೆ ಹಾಸಿಗೆ ಹಾಸಿ ದಿಂಬು ಇಡೋ ಹೊತ್ತಿಗೆ ನಾನು ಗೇರ್‌ಬಾಕ್ಸ್ ಇಳಿಸಿರ್ತೀನಿ."

ಪಕ್ಕದ ಅಂಗಡಿಯಲ್ಲಿ ಸೀಟು ಹೊಲಿಯುವವನು ಇದಕ್ಕೆ ಪ್ರತಿಸಲವೂ ಹೊಸದಾಗಿ ಕೇಳಿದವನಂತೆ ನಗುತ್ತಿದ್ದ. ಒಂದು ದಿನ ಅವನೇ, "ನಿಮ್ಮ ಷಡ್ಡಕನ ಪ್ರಾಣ ಇರೋದು ಎದೇಲಲ್ಲ, ಆ ಜಾಕಿನ ಸೀಲಲ್ಲಿ," ಎಂದ. ಜಾಕಿನೊಳಗಿನ ಎಣ್ಣೆ ಸೋರದಂತೆ ತಡೆದು ಕಾರನ್ನು ಮೇಲೆ ನಿಲ್ಲಿಸುವುದು ಆ ರಬ್ಬರ್ ಬಳೆಯೇ. ಎಲ್ಲರೂ ನಕ್ಕರು. ಹಿರಿಯ ಅಳಿಯನೂ ನಕ್ಕ. ರಾತ್ರಿ ಹಾಸಿಗೆಯಲ್ಲಿ ಆ ಮಾತು ಬಿಟ್ಟು ಬೇರೇನೂ ನೆನಪಾಗಲಿಲ್ಲ.

ಯೋಚಿಸಿದಷ್ಟೂ ಅದು ಸಲೀಸಾಗಿ ಕಂಡಿತು. ಹೊಸದಾಗಿ ಏನೂ ಮಾಡಬೇಕಿರಲಿಲ್ಲ. ಇಷ್ಟು ವರ್ಷ ಹೇಳಿಕೊಂಡು ಬಂದದ್ದನ್ನೇ ಇನ್ನಷ್ಟು ಜೋರಾಗಿ, ನಾಲ್ಕು ಜನರ ಮುಂದೆ ಹೇಳಿದರೆ ಸಾಕಿತ್ತು. "ಸ್ಟ್ಯಾಂಡ್ ಇಡೋ. ಜಾಕ್ ನಂಬಬೇಡ, ಎಣ್ಣೆ ಸೋರ್ತಿದೆ." ಗ್ಯಾರೇಜಿನಲ್ಲಿದ್ದದ್ದು ಒಂದೇ ಟ್ರಾಲಿ ಜಾಕ್. ಸಂಜೆ ಶಟರ್ ಎಳೆಯುವ ಮುಂಚೆ, ಷಡ್ಡಕ ಕೈ ತೊಳೆಯುವ ಹೊತ್ತಿನಲ್ಲಿ, ಅದರ ಬುಡಕ್ಕೆ ಒಂದಿಷ್ಟು ಎಣ್ಣೆ ಸವರಿಡುತ್ತಿದ್ದ. ಬೆಳಿಗ್ಗೆ ನೆಲದ ಮೇಲೊಂದು ಕಲೆ. ಮಾವ ಬಂದು ಕಲೆ ನೋಡಿ, "ಹೌದಲ್ಲ, ಸೀಲ್ ಹೋಗಿರಬೇಕು, ಹೊಸದು ತಂದು ಹಾಕು," ಎನ್ನುತ್ತಿದ್ದರು. ಅವನು ಇವತ್ತು ನಾಳೆ ಎನ್ನುತ್ತಿದ್ದ.

ನಿಜವಾಗಿ ಸೀಲ್ ಕೆಡಿಸುವ ದಡ್ಡತನಕ್ಕೆ ಅವನು ಹೋಗಲಿಲ್ಲ. ಷಡ್ಡಕ ಅಸಡ್ಡಾಳ, ಪೆದ್ದನಲ್ಲ. ಕಾರು ಒಂದು ಸಲ ತಾನಾಗಿ ಕುಸಿದರೆ ಮರುದಿನವೇ ಸ್ಟ್ಯಾಂಡ್ ಇಡಲು ಶುರುಮಾಡುತ್ತಿದ್ದ. ತಾನು ಬಿಡುವ ತನಕ ಕಾರು ಮೇಲೆ ನಿಲ್ಲಬೇಕು, ಬಿಟ್ಟ ಕೂಡಲೇ ಬೀಳಬೇಕು. ಅದಕ್ಕೆ ಒಳ್ಳೆಯ ಜಾಕೇ ಬೇಕು. ಜನರ ತಲೆಯಲ್ಲಿ ಮಾತ್ರ ಅದು ಕೆಟ್ಟಿರಬೇಕು. ಇದನ್ನು ಯೋಚಿಸಿದಾಗ ಅವನಿಗೆ ತನ್ನ ಬಗ್ಗೆ ಮೆಚ್ಚುಗೆಯಾಯಿತು. ಜೋಪಾನದವನಿಗಲ್ಲದೆ ಇಷ್ಟು ಅಚ್ಚುಕಟ್ಟು ಯಾರಿಗೆ ಬರುತ್ತದೆ?

ಹಿಂದೆ ಸರಿಯಬಹುದಿತ್ತು. ಆದರೆ ದಿನಾ ಬೆಳಿಗ್ಗೆ ಮುಚ್ಚಿದ ಶಟರಿನ ಮುಂದೆ ನಿಂತು ಷಡ್ಡಕನಿಗಾಗಿ ಕಾಯಬೇಕಾಗುತ್ತಿತ್ತು. ಅವನು ತಡವಾಗಿ ಬರುತ್ತಿದ್ದ. ಬಂದು ಬೀಗದ ಕೈಯನ್ನು ಬೆರಳಲ್ಲಿ ತಿರುಗಿಸುತ್ತಾ, "ನೀವು ಒಬ್ರೇ ನಿಂತಿದೀರಾ? ಕಳ್ಳರು ಅಂದ್ಕೊಂಡೆ," ಎನ್ನುತ್ತಿದ್ದ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಅದೇ ಇವನನ್ನು ಇನ್ನಷ್ಟು ಉರಿಸುತ್ತಿತ್ತು.

ಆ ದಿನ ಬಿಳಿ ಕಾರೊಂದರ ಗೇರ್‌ಬಾಕ್ಸ್ ಇಳಿಸಬೇಕಿತ್ತು. ಷಡ್ಡಕ ಕಾರನ್ನು ಜಾಕಿನಲ್ಲಿ ಎತ್ತಿ, ಮುಂದಿನ ಚಕ್ರಗಳನ್ನು ಬಿಚ್ಚಿ, ಅಂಗಿಯನ್ನು ಸ್ಟ್ಯಾಂಡಿಗೆ ತೂಗುಹಾಕಿ, ಕೆಳಗೆ ಜಾರಿದ. ಮಾವ ಪಕ್ಕದ ಅಂಗಡಿಯ ಮುಂದೆ ಕುರ್ಚಿ ಹಾಕಿಕೊಂಡಿದ್ದರು. ಹಿರಿಯ ಅಳಿಯ ಕಂಪ್ರೆಸರ್ ಹಾಕಿದ. ಅದು ಓಡಿದರೆ, ಹತ್ತಿರ ಬಗ್ಗಿ ಕೂಗದಿದ್ದರೆ ಪಕ್ಕದಲ್ಲಿದ್ದವನ ಮಾತೂ ಕೇಳುವುದಿಲ್ಲ.

"ಸೀಲ್ ತರೋಕೆ ಹೋಗ್ತಿದೀನಿ," ಎಂದು ಬಗ್ಗಿ ಕೂಗಿದ. "ಸ್ಟ್ಯಾಂಡ್ ಇಟ್ಕೋ."

"ತನ್ನಿ ತನ್ನಿ, ನಿಮ್ಮ ಗೋಳು ತಪ್ಪಲಿ! ಬರ್ತಾ ನಂಗೊಂದು ಟೀ ಹೇಳಿ ಅಣ್ಣ."

ಹೊರಗೆ ಕಾಣುತ್ತಿದ್ದದ್ದು ಕಾಲುಗಳು ಮಾತ್ರ. ಒಂದು ಚಪ್ಪಲಿಯ ಉಂಗುಷ್ಠಕ್ಕೆ ತಂತಿ ಸುತ್ತಿತ್ತು. ಹಿರಿಯ ಅಳಿಯ ಜಾಕಿನ ಹ್ಯಾಂಡಲನ್ನು ಎಡಕ್ಕೆ ತಿರುಗಿಸಿದ. ಕಾರು ಒಮ್ಮೆಲೇ ಕೆಳಗೆ ಕೂತಿತು. ಕೂಗು ಬರಲಿಲ್ಲ. ಬಂದಿದ್ದರೂ ಕಂಪ್ರೆಸರ್ ನುಂಗಿರುತ್ತಿತ್ತು. ಕಾಲುಗಳು ಒಂದು ಸಲ ನೆಲ ಒದ್ದು ಸುಮ್ಮನಾದವು.

ಹೊರಗೆ ಬಂದು, "ಸೀಲ್ ತರ್ತೀನಿ ಮಾವ. ಅವನಿಗೆ ಹೇಳಿ ಹೇಳಿ ಸಾಕಾಯ್ತು," ಎಂದ. ಸೀಟು ಹೊಲಿಯುವವನು ಸೂಜಿ ಕಚ್ಚಿಕೊಂಡೇ ನಕ್ಕ. ಬಿಡಿಭಾಗಗಳ ಅಂಗಡಿಯವನ ಹತ್ತಿರ ಜಾಕಿನ ಮಾದರಿ ಹೇಳಿ, ಸೀಲ್ ಸರಿಯಾಗಿದೆಯೇ ಎಂದು ಬೆರಳಲ್ಲಿ ಒತ್ತಿ ನೋಡಿ, ಚೌಕಾಸಿಯನ್ನೂ ಮಾಡಿದ. ಟೀ ಹೇಳಲು ಮರೆಯಲಿಲ್ಲ.

ವಾಪಸು ಬಂದು ಒಳಗೆ ಹೋಗಿ, ಕಂಪ್ರೆಸರ್ ಆರಿಸಿ, ಕಿರುಚಿದ. ಕಿರುಚು ಅವನು ಅಂದುಕೊಂಡದ್ದಕ್ಕಿಂತ ನಿಜವಾಗಿ ಬಂತು. ಮಾವ ಓಡಿ ಬಂದರು, ಹಿಂದೆ ಸೂಜಿ ಹಿಡಿದೇ ಪಕ್ಕದವನು. "ಸೀಲ್ ಒಡೆದಿದೆ ಮಾವ! ಹೇಳಿದ್ದೆ ಅಲ್ವಾ, ಬಡ್ಕೊಂಡಿದ್ದೆ ಅಲ್ವಾ!"

"ಹೌದು, ದಿನಾ ಹೇಳ್ತಿದ್ರು. ನಾನೇ ಕೇಳಿದೀನಿ," ಎಂದು ಸೀಟು ಹೊಲಿಯುವವನು ಅಳುತ್ತಲೇ ಸಾಕ್ಷಿ ಹೇಳಿದ. ಸಾಕ್ಷಿ ಹೇಳೆಂದು ಯಾರೂ ಕೇಳಿರಲಿಲ್ಲ.

"ಎತ್ತೋ! ಹುಡುಗ ಒಳಗಿದಾನೆ, ಎತ್ತು!" ಎಂದರು ಮಾವ. ಜೀವಮಾನವಿಡೀ ಮಾಡಿದ ಕೆಲಸಕ್ಕೆ ಕೈ ತಾನಾಗಿ ಹೋಯಿತು. ಹ್ಯಾಂಡಲನ್ನು ಬಲಕ್ಕೆ ಬಿಗಿದು ಒತ್ತಿದ, ಮತ್ತೆ ಒತ್ತಿದ. ಬಿಳಿ ಕಾರು ಮೆಲ್ಲನೆ ಮೇಲೆದ್ದಿತು. ಮಾವ ಕಾಯದೆ ಬೆರಳಿಲ್ಲದ ಕೈಯೂರಿ ಒಳಗೆ ತೆವಳಿ, ಕಿರಿಯ ಅಳಿಯನ ತಲೆಯನ್ನು ಎದೆಗೆ ಎಳೆದುಕೊಂಡರು. ಹಿರಿಯ ಅಳಿಯ ಓಡಿ ಸ್ಟ್ಯಾಂಡ್ ತಂದ. ಅಂಗಿ ಇನ್ನೂ ಅದರ ಮೇಲೇ ಇತ್ತು. ಅದನ್ನು ತೆಗೆದೆಸೆದು ಬಗ್ಗಿದಾಗ ಮಾವ ಅಳುತ್ತಿರಲಿಲ್ಲ. ಅವರ ಕಣ್ಣು ಜಾಕಿನ ಮೇಲಿತ್ತು. ಯಾರೂ ಹಿಡಿಯದೆ, ಯಾವ ಊರುಗೋಲೂ ಇಲ್ಲದೆ, ಅದು ಕಾರನ್ನು ಹೊತ್ತು ನಿಂತಿತ್ತು, ಕೂದಲೆಳೆಯಷ್ಟೂ ಇಳಿಯುತ್ತಿರಲಿಲ್ಲ. "ಒಡೆದ ಸೀಲಲ್ಲಿ ಕಾರು ಹೆಂಗೆ ಎತ್ತಿದೆಯೋ?" ಎಂದು ಮಾವ ಮೆಲ್ಲಗೆ ಕೇಳಿದರು. ಸ್ಟ್ಯಾಂಡ್ ಹಿಡಿದುಕೊಂಡೇ ಅವನು ಜೇಬು ಮುಟ್ಟಿ ನೋಡಿಕೊಂಡ. ಹೊಸ ಸೀಲ್ ಪೊಟ್ಟಣದಲ್ಲೇ ಇತ್ತು.