ಹುಣಸೆಮರದಡಿಯ ಬಿಲ್ಲು

"ಬಾಗ್ಲು ಮುಚ್ಚು ಅಂದ್ನಲ್ಲ! ಕಿವಿಗೂ ಹತ್ತಿ ತುರುಕ್ಕೊಂಡಿದ್ದೀಯಾ?"

"ಮುಚ್ಚಲ್ಲ! ಉಸಿರು ಕಟ್ಟಿ ಸಾಯ್ಲಾ ನಾನು?"

ಅಷ್ಟು ಹೇಳುವಷ್ಟರಲ್ಲೇ ಬದರುನ್ನೀಸಾಳಿಗೆ ಕೆಮ್ಮು ಒತ್ತರಿಸಿ ಬಂತು. ಹೊಸಿಲ ಮೇಲೇ ಕುಸಿದಳು.

ಗಂಡ ಇಸಾಕ್ ಸಿರಾದಲ್ಲಿ ಹಾಸಿಗೆಯ ಹತ್ತಿ ಹಿಂಜುವವನು. ಬಾಗಿಲು ತೆರೆದರೆ ಗಿರಾಕಿಯ ಹತ್ತಿ ಗಾಳಿಪಾಲು. ಅದಕ್ಕೇ ಆ ಒಂದೇ ಕೋಣೆಯ ಬಾಗಿಲು ಹಗಲೆಲ್ಲ ಮುಚ್ಚಿರಬೇಕು. ಒಂದು ಮೂಲೆಗೆ ಹತ್ತಿ ಹಿಂಜುವ ಅವನ ಬಿಲ್ಲು, ಇನ್ನೊಂದಕ್ಕೆ ಅವಳ ಒಲೆ. ಒಲೆಗೆ ಕಡಲೆಕಾಯಿ ಸಿಪ್ಪೆ. ಉರಿಗಿಂತ ಹೊಗೆಯೇ ಹೆಚ್ಚು.

"ಎಲ್ಲಾ ನಿನ್ನ ಒಲೆಯಿಂದ ಕಣೇ! ನಮ್ಮಪ್ಪ ಸಾಯೋಗಂಟ ಹತ್ತಿ ಹಿಂಜ್ದ, ಒಂದಿನ ಕೆಮ್ಲಿಲ್ಲ!"

"ನಮ್ಮಮ್ಮ ಇವತ್ತಿಗೂ ಒಲೆ ಊದ್ತಾವ್ಳೆ, ಕಲ್ಲುಗುಂಡಿನಂಗವ್ಳೆ! ನಿಮ್ಮ ಹತ್ತಿ ಧೂಳೇ ನನ್ನ ತಿಂದಿದ್ದು!"

ಇದೇ ಜಗಳ ಆಡಿ ಆಡಿ ಇಬ್ಬರಿಗೂ ಸಾಕಾಗಿತ್ತು.

"ಬೆಳಿಗ್ಗೆ ಆಸ್ಪತ್ರೇಲಿ ಡಾಕ್ಟ್ರು ನಿಮ್ಮನ್ನ ಪಕ್ಕಕ್ಕೆ ಕರೆದು ಏನಂದ್ರು? ಹೇಳ್ರೀ!"

ಇಸಾಕ್ ಎದ್ದ. ಗೋಡೆಗೆ ಒರಗಿಸಿದ್ದ ಬಿಲ್ಲನ್ನು ಹೆಗಲಿಗೇರಿಸಿದ. ಹತ್ತಿ ಗಂಟನ್ನು ಬಗಲಿಗೆ ಸಿಕ್ಕಿಸಿಕೊಂಡ.

"ನನ್ನ ಕೈಲಿ ಇನ್ನಾಗಲ್ಲ" ಎಂದವನೇ ಅವಳನ್ನು ದಾಟಿ ಹೊರಟೇಹೋದ.

'ಹೋಗೇಬಿಟ್ಟರಾ...? ಕೆಮ್ಮೋಳು ಬೇಡವಾದಳಾ...?' ಅಳುವುದಕ್ಕೂ ಅವಳ ಎದೆಯಲ್ಲಿ ಗಾಳಿಯಿರಲಿಲ್ಲ.

ಆಗ ಹಿತ್ತಲಿಂದ ಕೇಳಿಸಿತು... ಟಂಯ್... ಟಂಯ್...

ಗೋಡೆ ಹಿಡಿದು ಹೋಗಿ ನೋಡಿದಳು. ಹುಣಸೆಮರಕ್ಕೆ ಗೋಣಿತಾಟು ಅಡ್ಡ ಕಟ್ಟಿಕೊಂಡು ಇಸಾಕ್ ಹತ್ತಿ ಹಿಂಜುತ್ತಿದ್ದ. ಅರ್ಧ ಹತ್ತಿ ಬೇಲಿಯ ಮೇಲೆ!

"ಬುದ್ಧಿ ಐತೇನ್ರೀ? ಎಲ್ಲಾ ಹಾರೋಗ್ತೈತೆ!"

"ಹತ್ತಿ ಹಾರಿದ್ರೆ ಆರಿಸ್ಕಂಡು ಬರ್ತೀನಿ." ಅವನು ತಲೆಯೆತ್ತಲಿಲ್ಲ. "ನಿನ್ನ ಎಲ್ಲಿಂದ ಆರಿಸ್ಕಂಡು ಬರ್ಲಿ?"

ಬದರುನ್ನೀಸಾ ಮರಕ್ಕೆ ಒರಗಿ ನಿಂತಳು.

"ಹೊಗೆ ಒಂದೇ ಆಗಿದ್ರೆ ಎದೆ ಹೆಂಗೋ ತಡ್ಕಂತಿತ್ತೇನೋ ಅಂದ್ರು ಡಾಕ್ಟ್ರು. ಧೂಳು ಒಂದೇ ಆಗಿದ್ರೂ ಅಷ್ಟೇಯಂತೆ. ಮುಚ್ಚಿದ ಕೋಣೇಲಿ ಎರಡೂ ಸೇರ್ಕಂಡು ನಿನ್ನ ತಿಂತಾವಂತೆ. ಹಿಂಗೇ ಇದ್ರೆ..." ಬಿಲ್ಲಿನ ತಂತಿಯನ್ನು ಒಮ್ಮೆ ಮೀಟಿದ. "ನಾವಿಬ್ರೂ ಸೇರೇ ಮಾಡಿದ್ದು ಬದ್ರೂ. ನಂದನ್ನ ನಾನು ಆಚೆ ತಂದೆ. ಒಳಗೆ ಮಾತ್ರ ಮತ್ತೆ ತರಲ್ಲ."

ಅವಳು ಒಳಗೆ ಹೋಗಿ ಒಲೆಗೆ ನೀರು ಚಿಮುಕಿಸಿದಳು. ಮಡಕೆ ಎತ್ತಿಕೊಂಡು ಹೊರಟಳು. ಮರದ ಆಚೆ ಬದಿಗೆ ಮೂರು ಕಲ್ಲು ಹೂಡಿದರೆ ಒಲೆಯಾಯಿತು.

"ಬಾಗ್ಲು ಹಾಕ್ಕಂಡು ಬಾ" ಅಭ್ಯಾಸಬಲದಿಂದ ಕೂಗಿದ ಇಸಾಕ್.

"ತೆಗೆದೇ ಇರ್ಲಿ ಬುಡ್ರೀ... ಮನೇನೂ ಒಂದಿಷ್ಟು ಉಸಿರಾಡ್ಲಿ."