ಉಸಿರಾಡಿದ ಚಕ್ರ

ಸಿಡಿಲಗಿರಿಯ ರಾಜಧಾನಿಯನ್ನು ಪ್ರತಿದಿನ ಎಚ್ಚರಿಸುತ್ತಿದ್ದುದು ಅರಮನೆಯ ನಗಾರಿಯಲ್ಲ, ಎತ್ತುಗಳ ಕೊರಳಗಂಟೆ. ಬೆಟ್ಟದ ಬುಡವನ್ನು ತೊಳೆದು ಹರಿಯುವ ಹಿರಿಹೊಳೆಯಿಂದ ನೆತ್ತಿಯ ಅರಮನೆಯವರೆಗೆ, ಬಂಡೆಯಲ್ಲಿ ಕಡಿದ ಏಳು ಕೊಳಗಳು ಏಳು ಮೆಟ್ಟಿಲುಗಳಂತೆ ಏರಿ ನಿಂತಿದ್ದವು. ಒಂದೊಂದು ಕೊಳದ ದಡದಲ್ಲೂ ಕಪಿಲೆಗಳ ಸಾಲು. ಎತ್ತುಗಳು ಹಗ್ಗವೆಳೆದುಕೊಂಡು ಇಳಿಜಾರಿನಲ್ಲಿ ಇಳಿದರೆ, ಕೆಳಗಿನ ಕೊಳದಿಂದ ತೊಗಲಿನ ಚೀಲ ತುಂಬಿ ಮೇಲೇರಿ ಮೇಲಿನ ಕೊಳಕ್ಕೆ ನೀರು ಸುರಿಯುತ್ತಿತ್ತು. ಕಪಿಲೆ ಹೊಡೆಯುವವರು ಹಾಡುತ್ತಿದ್ದರು. ಹಾಡಿನ ಒಂದು ಸಾಲು ಎತ್ತು ಇಳಿಯುವಷ್ಟು ಉದ್ದ. ಸಾಲು ಮುಗಿದಲ್ಲಿ ಒಂದು ಉಸಿರು. ಮತ್ತೆ ಮುಂದಿನ ಸಾಲು. ನಲವತ್ತು ಜೊತೆ ಎತ್ತುಗಳೂ ಆ ಹಾಡೂ ಸೇರಿ, ಬೆಟ್ಟದ ಮೇಲೆ ಒಂದು ಬಾವಿಯೂ ಇಲ್ಲದ ಹನ್ನೆರಡು ಸಾವಿರ ಜನರ ದಾಹವನ್ನು ತಲೆಮಾರುಗಳಿಂದ ಹಿಂಗಿಸುತ್ತ ಬಂದಿದ್ದವು.

ಈ ಏಳು ಕೊಳಗಳ ಒಡೆತನ ಅರಸನದು, ಹೊಣೆ ಮಾತ್ರ ನೀರಹೆಗ್ಗಡೆ ಸೋವರಸನದು. ಅರವತ್ತು ದಾಟಿದ, ಬಿದಿರಿನಂತೆ ಒಣಗಿದ ಮೈಯ ಮನುಷ್ಯ. ಮಾತು ಕಡಿಮೆ, ನಗು ಇನ್ನೂ ಕಡಿಮೆ. ದುರ್ಗದಲ್ಲಿ ಯಾವ ಹೊಸ ನೀರಿನ ಕಟ್ಟಡವಾದರೂ ಅವನ ಮುದ್ರೆ ಬೀಳದೆ ಹಳೆಯದನ್ನು ಕಳಚುವಂತಿರಲಿಲ್ಲ.

ಆ ವರ್ಷ ಆರನೆಯ ಕೊಳದ ದಡದಲ್ಲಿ ಒಂದು ಚಕ್ರ ಎದ್ದಿತು. ಯಂತ್ರಶಿಲ್ಪಿ ಕೇತೋಜ ತೆಂಕಣ ದೇಶದಿಂದ ಬಂದವನು. ಮೂವತ್ತು ತುಂಬದ, ಕಣ್ಣಲ್ಲಿ ನಿದ್ದೆಯಿಲ್ಲದ ತರುಣ. ಚಕ್ರದ ನಡುವಿನಿಂದ ಅಂಚಿಗೆ ಚಾಚಿದ ಬಾಗಿದ, ಟೊಳ್ಳಾದ ಅರೆಗಳೊಳಗೆ ಪಾದರಸ ತುಂಬಿತ್ತು. ಒಂದು ಕಡೆಯ ರಸ ಅಂಚಿಗೆ ಹರಿದು ಭಾರವಾಗುತ್ತದೆ, ಇನ್ನೊಂದು ಕಡೆಯದು ನಡುವಿಗೆ ಸರಿದು ಹಗುರವಾಗುತ್ತದೆ. ಆದ್ದರಿಂದ ಒಮ್ಮೆ ನೂಕಿದರೆ ಸಾಕು, ಆಚಂದ್ರಾರ್ಕವಾಗಿ ತಾನೇ ತಿರುಗಿ ನೀರೆತ್ತುತ್ತದೆ ಎಂದು ಅವನು ಅರಸನ ಮುಂದೆ ಪ್ರಮಾಣ ಮಾಡಿದ್ದ. ಸದ್ಯಕ್ಕೆ ಒಂದು ಚಕ್ರ. ಉಳಿದ ಆರು ಒಂದು ತಿಂಗಳಲ್ಲಿ.

ಈ ಮಾತನ್ನು ಹೊತ್ತು ಮೆರೆಸಿದವನು ಪ್ರಧಾನಿ ಬೊಪ್ಪಯ್ಯ. ಅವನ ಮಗ ಉತ್ತರದ ಗಡಿಯಲ್ಲಿ ದಂಡನಾಯಕ. ಸೈನ್ಯದ ಧಾನ್ಯವನ್ನೆಳೆಯಲು ನಲವತ್ತು ಜೊತೆ ಎತ್ತು ದೊರೆತರೆ ಮಗನಿಗೆ ವಿಜಯ, ವಿಜಯ ದೊರೆತರೆ ಸಿಂಹಾಸನದ ಬಲಗಡೆಯ ಪೀಠ ತನ್ನ ವಂಶಕ್ಕೆ ಶಾಶ್ವತ ಎಂಬುದು ಅವನ ಎಣಿಕೆ. ಇಪ್ಪತ್ತೆರಡರ ಅರಸ ಮಲ್ಲಿದೇವನಿಗೋ, ಎತ್ತಿಲ್ಲದೆ ನೀರೇರುವ ದುರ್ಗದ ಒಡೆಯನೆನ್ನಿಸಿಕೊಳ್ಳುವ ಹಂಬಲ. ಚಕ್ರ ಒಪ್ಪಿತವಾದ ಮರುದಿನವೇ ಎತ್ತುಗಳು ಗಡಿಗೆ ಹೊರಡಬೇಕೆಂದು ಆಜ್ಞೆ ಸಿದ್ಧವಾಗಿತ್ತು. ಸೋವರಸನ ಮುದ್ರೆಯೊಂದು ಬಾಕಿ.

ಚೈತ್ರದ ಪಂಚಮಿಯಂದು ಪರೀಕ್ಷೆ ನಡೆಯಿತು. ಗಳಿಗೆಬಟ್ಟಲನ್ನು ನೀರಿನ ಮೇಲೆ ತೇಲಿಬಿಟ್ಟರು; ಅದು ಮೂರು ಸಲ ತುಂಬಿ ಮುಳುಗುವವರೆಗೂ ಚಕ್ರ ತಿರುಗಿತು, ಅದರ ಗಡಿಗೆಗಳು ಏಳನೆಯ ಕೊಳಕ್ಕೆ ನೀರೆರೆದವು. ಜನ ಕೈಮುಗಿದರು. ಅರಸ ತನ್ನ ಕೊರಳಿನ ಹಾರವನ್ನು ಕೇತೋಜನಿಗೆ ಹಾಕಿದ. ಸೋವರಸ ಮಾತ್ರ ಕಣ್ಣು ಮುಚ್ಚಿಕೊಂಡು ನಿಂತಿದ್ದ.

“ಹೆಗ್ಗಡೆಯವರಿಗೆ ತೂಕಡಿಕೆ,” ಎಂದ ಪ್ರಧಾನಿ.

“ಕೇಳುತ್ತಿದ್ದೇನೆ,” ಎಂದ ಸೋವರಸ.

ಚಕ್ರ ಒಂದೇ ಸಮನೆ ತಿರುಗುತ್ತಿರಲಿಲ್ಲ. ಸ್ವಲ್ಪ ಹೊತ್ತು ಬಿರುಸು, ಆಮೇಲೆ ಕೂದಲೆಳೆಯಷ್ಟು ಸಡಿಲ, ಮತ್ತೆ ಬಿರುಸು. ಕಣ್ಣಿಗೆ ಕಾಣದ ಆ ಸಡಿಲವನ್ನು ಅವನ ಕಿವಿ ನಲವತ್ತು ವರ್ಷಗಳಿಂದ ಬಲ್ಲದು. ಅದು ಕಪಿಲೆಯ ಹಾಡಿನ ಸಾಲು ಮುಗಿಯುವ ಜಾಗ. ಪಾದರಸಕ್ಕೆ ಉಸಿರು ತೆಗೆದುಕೊಳ್ಳುವ ಅಗತ್ಯವಿಲ್ಲ. ಚಕ್ರದ ಅಚ್ಚು ಇಳಿದಿದ್ದ ನೆಲಮಾಳಿಗೆಗೆ ಪ್ರಧಾನಿಯ ಬೀಗವಿತ್ತು. ಒಳಗೆ ರಸದ ವಿಷವಾಯು ಇದೆ, ಯಾರೂ ಇಣುಕಬಾರದು ಎಂದು ಡಂಗುರ ಹೊಡೆಸಿದ್ದರು.

ಸಂಜೆ ಅವನು ಎತ್ತುಗಳಿಗೆ ಮೇವು ಹಾಕುತ್ತಿದ್ದ ಬೀರನ ಬಳಿಗೆ ಬಂದ. ಬೀರ ಕಪಿಲೆಯವರ ಹಿರಿಯಾಳು.

“ಈ ದಿನ ನಿನ್ನ ಕಪಿಲೆಯಲ್ಲಿ ನಾಲ್ವರು ಕಡಿಮೆ ಇದ್ದರು.”

“ಹೊಟ್ಟೆನೋವಂತೆ, ಒಡೆಯಾ.”

“ನಾಲ್ವರಿಗೂ?”

ಬೀರ ಮೇವನ್ನು ಕೆಳಗಿಟ್ಟ. “ನಾಲ್ವರಲ್ಲ, ನನ್ನನ್ನೂ ಸೇರಿಸಿ ಐವರು. ನನ್ನ ಜಾಗದಲ್ಲಿ ತಮ್ಮನನ್ನು ನಿಲ್ಲಿಸಿದ್ದೆ. ಪ್ರಧಾನಿಗಳ ಆಳುಗಳು ಬಂದು, ನೆಲಮಾಳಿಗೆಗೆ ಇಳಿದು ಚಕ್ರ ತುಳಿಯುತ್ತೀರೋ, ಹೆಂಡಿರು ಮಕ್ಕಳನ್ನು ಗಡಿಗೆ ಅಟ್ಟೋಣವೋ ಎಂದರು.”

“ಹಾಡನ್ನಾದರೂ ಬಿಟ್ಟು ತುಳಿಯಬಾರದಿತ್ತೇ?”

“ಬಾಯಿ ಕಟ್ಟಿಕೊಂಡೇ ತುಳಿದೆವು, ಒಡೆಯಾ. ಬಾಯಿ ಸುಮ್ಮನಿತ್ತು. ಕಾಲಿಗೆ ಹಾಡು ಗೊತ್ತಲ್ಲ, ಏನು ಮಾಡುವುದು?”

ಸೋವರಸನ ತುಟಿ ಒಂದು ಕ್ಷಣ ಕೊಂಕಿತು. ಬೀರ ಅವನ ಕಾಲಿನ ಬಳಿ ಕುಳಿತ. “ಓಲಗದಲ್ಲಿ ನಮ್ಮ ಹೆಸರು ಹೇಳುತ್ತೀರಾ?”

ಅರಸನನ್ನು ವಂಚಿಸಿದವರಿಗೆ ಸಿಡಿಲಗಿರಿಯಲ್ಲಿದ್ದುದು ಒಂದೇ ದಂಡನೆ, ಶಿರಶ್ಛೇದ. ಬೆದರಿಸಿದವನು ತಪ್ಪಿಸಿಕೊಳ್ಳುತ್ತಾನೆ, ತುಳಿದವರು ಸಾಯುತ್ತಾರೆ. ಇದನ್ನು ಸೋವರಸ ಎರಡು ಆಳ್ವಿಕೆಗಳಲ್ಲಿ ಕಂಡಿದ್ದ. ಬಾಯಿ ಬಿಟ್ಟರೆ ಐದು ತಲೆ, ಬಿಡದಿದ್ದರೆ ಹನ್ನೆರಡು ಸಾವಿರ.

“ಎತ್ತುಗಳಿಗೆ ಮೇವು ಹಾಕು,” ಎಂದು ಹೇಳಿ ಅವನು ಹೊರಟುಹೋದ.

ಮರುದಿನ ಓಲಗದಲ್ಲಿ ಅರಸನೇ ಮಾತು ತೆಗೆದ. “ಹೆಗ್ಗಡೆಯವರೇ, ಮೂರು ಗಳಿಗೆ ತಿರುಗಿದ್ದನ್ನು ನೀವೂ ಕಂಡಿರಿ. ಇನ್ನೂ ಯಾವ ಅನುಮಾನ?”

“ತಿರುಗಿದ್ದು ನಿಜ, ಪ್ರಭು.”

“ಹಾಗಾದರೆ ಮುದ್ರೆ?”

ಪ್ರಧಾನಿ ನಕ್ಕ. “ಮಹಾಸ್ವಾಮಿ, ಅವರಿಗೆ ಎತ್ತುಗಳ ಮೇಲೆ ಮಮತೆ. ಸಗಣಿಯ ವಾಸನೆಯಿಲ್ಲದ ನೀರು ಅವರಿಗೆ ರುಚಿಸದು.”

ಓಲಗ ನಕ್ಕಿತು. “ಆ ನೀರನ್ನೇ ಐವತ್ತು ವರ್ಷ ಕುಡಿದು ಪ್ರಧಾನಿಗಳು ಇಷ್ಟು ಪುಷ್ಟರಾಗಿದ್ದಾರೆ,” ಎಂದ ಸೋವರಸ, ನಗದೆ. ಆಮೇಲೆ ಅರಸನ ಕಡೆಗೆ ತಿರುಗಿದ. “ಪ್ರಭು, ಮುದ್ರೆಗೆ ಮುಂಚೆ ವ್ರತವೊಂದಿದೆ. ತಮ್ಮ ಅಜ್ಜನವರ ಕಾಲದಿಂದ ಯಾರೂ ಆಚರಿಸಿಲ್ಲ. ಆದರೆ ಅಳಿಸಿಯೂ ಇಲ್ಲ.”

ಆ ವ್ರತ ಏಳನೆಯ ಕೊಳದ ಶಿಲಾಶಾಸನದಲ್ಲಿ ಕೊರೆದದ್ದು. ಹೊಸ ನೀರಿಗೆ ಮುದ್ರೆಯೊತ್ತುವವನು ಮುಂದಿನ ಹುಣ್ಣಿಮೆಯವರೆಗೆ ಆ ನೀರನ್ನಲ್ಲದೆ ಬೇರೆ ಹನಿಯನ್ನು ಮುಟ್ಟಬಾರದು. ಹುಣ್ಣಿಮೆಯವರೆಗೆ ಬದುಕಿದರೆ ಹೊಸದು ಸ್ಥಿರ. ನಡುವೆ ಬೇರೆ ನೀರು ಕುಡಿದರೆ ಅವನ ಆಕ್ಷೇಪ ಬಿದ್ದುಹೋಗಿ, ಆಗಲೂ ಹೊಸದೇ ಸ್ಥಿರ. ವ್ರತದಲ್ಲಿ ಅವನು ಸತ್ತರೆ ಆ ನೀರು ತ್ಯಾಜ್ಯ. ಅಲ್ಲಿಯವರೆಗೆ ಹಳೆಯದರ ಒಂದು ಹಗ್ಗವನ್ನೂ ಬಿಚ್ಚುವಂತಿಲ್ಲ. ಇವೆಲ್ಲಕ್ಕೂ ಮೇಲೆ, ನಿರ್ಣಯ ಹೇಳುವ ಅಧಿಕಾರ ಅರಸನೊಬ್ಬನಿಗೆ.

“ನಾನು ಚಕ್ರದ ಮನೆಯೊಳಗೆ ಇರುತ್ತೇನೆ. ಶಿಲ್ಪಿಯೂ ಜೊತೆಗಿರಲಿ, ದಿನಕ್ಕೊಂದು ಬಾರಿ ಚಕ್ರವನ್ನು ನೂಕಲಿ. ಅದು ಎತ್ತಿದ್ದನ್ನು ಕುಡಿಯುತ್ತೇನೆ. ಇಂಥ ಅದ್ಭುತದಲ್ಲಿ ಮನುಷ್ಯರ ಕೈವಾಡವಿದೆಯೆಂದು ನಾಳೆ ಶತ್ರುಗಳು ಆಡಿಕೊಳ್ಳಬಾರದು; ಆದಕಾರಣ ನೆಲಮಾಳಿಗೆಯ ಬಾಗಿಲಿಗೆ ಪ್ರಧಾನಿಗಳ ಬೀಗದ ಮೇಲೆ ನನ್ನ ಮುದ್ರೆಯೂ ಬೀಳಲಿ.”

ಪ್ರಧಾನಿಯ ಮುಖದಿಂದ ನಗು ಇಳಿಯಿತು. ಒಲ್ಲೆನೆಂದರೆ ಮೋಸವನ್ನು ಒಪ್ಪಿಕೊಂಡಂತೆ. ಅವನು ಸೋವರಸನ ಒಣಗಿದ ಮೈಯನ್ನೊಮ್ಮೆ, ಹೊರಗಿನ ಬಿಸಿಲನ್ನೊಮ್ಮೆ ನೋಡಿದ. ಮೂರನೆಯ ದಿನಕ್ಕೆ ಮುದುಕ ನೀರು ಬೇಡುತ್ತಾನೆ. “ಆಗಲಿ,” ಎಂದ. ಆಶ್ಚರ್ಯವೆಂದರೆ ಕೇತೋಜನ ಮುಖ ಅರಳಿತು. ರಸ ಕುದುರಲು ಕೆಲವು ದಿನಗಳ ಏಕಾಂತ ಸಿಕ್ಕರೆ ಸಾಕೆಂದು ಅವನು ಆರು ತಿಂಗಳಿಂದ ಬೇಡುತ್ತಿದ್ದ.

ಮನೆಯಲ್ಲಿ ಹೆಂಡತಿ ಮಲ್ಲವ್ವೆ ಎಲ್ಲವನ್ನೂ ಆಗಲೇ ಕೇಳಿದ್ದಳು. ಅವಳು ಅಳಲಿಲ್ಲ. “ಊರಿಗೆಲ್ಲ ನೀರು ಕೊಟ್ಟವರು ಒಂದು ದಿನವಾದರೂ ಹೊತ್ತಿಗೆ ಸರಿಯಾಗಿ ಮನೆಗೆ ಬಂದು ಕುಡಿದದ್ದಿಲ್ಲ,” ಎಂದು ಗಡಿಗೆಯಿಂದ ತಂಬಿಗೆ ತುಂಬಿ ಮುಂದಿಟ್ಟಳು. “ವ್ರತ ನಾಳೆಯಿಂದ ತಾನೇ? ಈಗ ಕುಡಿಯಿರಿ. ನಾನು ನೋಡುತ್ತೇನೆ.” ಅವನು ಕುಡಿದ. ಅವಳು ಇನ್ನೊಂದು ತಂಬಿಗೆ ತುಂಬಿದಳು.

ಸಪ್ತಮಿಯಂದು ಬಾಗಿಲುಗಳಿಗೆ ಮುದ್ರೆ ಬಿದ್ದಿತು. ಕೇತೋಜ ಚಕ್ರವನ್ನು ನೂಕಿದ. ಅದು ಹನ್ನೊಂದು ಸುತ್ತು ತಿರುಗಿ, ಆಲೋಚಿಸುವವರಂತೆ ತೂಗಾಡಿ, ನಿಂತಿತು. ತೊಟ್ಟಿಗೆ ಬಿದ್ದುದು ಮೂರು ಬೊಗಸೆ ನೀರು. ಸೋವರಸ ಎರಡನ್ನು ಕುಡಿದು ಒಂದನ್ನು ಸಂಜೆಗಿಟ್ಟ.

“ನಾಳೆ ಇನ್ನೂ ಚೆನ್ನಾಗಿ ತಿರುಗುತ್ತದೆ,” ಎಂದ ಕೇತೋಜ. ದಿನವಿಡೀ ಅರೆಗಳನ್ನು ಬಿಚ್ಚಿ, ಅರೆಪಾವು ರಸ ತೆಗೆದು, ಮತ್ತೆ ಸೇರಿಸಿ, ಜೇನುಮೇಣ ಹಚ್ಚಿ ಮುಚ್ಚಿದ. ಮರುದಿನ ಹದಿಮೂರು ಸುತ್ತು. ಅವನು ಗೋಡೆಯ ಮೇಲೆ ಇದ್ದಿಲಿನಿಂದ ಗೀಚಿದ: ಹನ್ನೊಂದು, ಹದಿಮೂರು. “ನೋಡಿದಿರಾ ಹೆಗ್ಗಡೆಯವರೇ, ಏರುತ್ತಿದೆ.”

“ಏರುತ್ತಿದೆ. ನೆಲಮಾಳಿಗೆಯಲ್ಲಿ ಜನ ತುಳಿಯುವುದು ನಿನಗೆ ಗೊತ್ತಿತ್ತೇ?”

ಕೇತೋಜ ಇದ್ದಿಲನ್ನು ಕೆಳಗಿಟ್ಟ. “ರಸ ಕುದುರುವ ತನಕ ಮಾತ್ರ ಎಂದರು ಪ್ರಧಾನಿಗಳು. ಮುಂದೆ ನಿಜವಾಗುವುದನ್ನು ಸ್ವಲ್ಪ ಮುಂಚೆ ತೋರಿಸಿದರೆ ಸುಳ್ಳಾಗುತ್ತದೆಯೇ?”

“ಆ ಸ್ವಲ್ಪದಲ್ಲಿ ಜನ ಏನು ಕುಡಿಯಬೇಕು?”

ಮೂರನೆಯ ದಿನ ಹದಿನಾಲ್ಕು. ನಾಲ್ಕನೆಯ ದಿನವೂ ಹದಿನಾಲ್ಕೇ. ಸೋವರಸನ ತುಟಿಗಳು ಒಡೆದಿದ್ದವು. ನಾಲಗೆ ಮಾತಿಗೆ ತೊಡರುತ್ತಿತ್ತು. ಬಾಗಿಲಿನ ಕಿಂಡಿಯಿಂದ ಪ್ರಧಾನಿಯ ಆಳು ಪ್ರತಿ ಮಧ್ಯಾಹ್ನ ತಣ್ಣನೆಯ ನೀರಿನ ಹೂಜಿಯನ್ನು ಒಳಗಿಡುತ್ತಿದ್ದ, ಸದ್ದಾಗುವಂತೆ. ಕೇತೋಜ ಅದನ್ನು ಮುದುಕನ ಕಡೆಗೆ ಸರಿಸಿದ. “ಯಾರೂ ನೋಡುವುದಿಲ್ಲ. ನಾನಂತೂ ಹೇಳುವುದಿಲ್ಲ.”

“ನೀನು ಹೇಳುವುದಿಲ್ಲ ಎಂಬುದರಿಂದಲೇ ಇಲ್ಲಿಯವರೆಗೆ ಬಂದಿದ್ದೇವೆ,” ಎಂದ ಸೋವರಸ. ಹೂಜಿಯ ನೀರನ್ನು ಕೇತೋಜನೇ ಕುಡಿಯುವಂತೆ ಸನ್ನೆ ಮಾಡಿದ. ಅವನಿಗೆ ವ್ರತವಿರಲಿಲ್ಲ.

ಐದನೆಯ ದಿನ ಹದಿನೈದು. ಕೇತೋಜ ಇದ್ದಿಲು ಹಿಡಿದು ಗೋಡೆಯ ಮುಂದೆ ನಿಂತ. ಹದಿನೈದೆಂದು ಬರೆಯಲು ಕೈ ಏಳಲಿಲ್ಲ. ಹಿಂದೆ, ಚಾಪೆಯ ಮೇಲೆ, ಅದೇ ಹದಿನೈದು ಸುತ್ತುಗಳ ನೀರನ್ನು ಕುಡಿದವನ ಉಸಿರು ಕರಕರ ಎನ್ನುತ್ತಿತ್ತು.

ಆರನೆಯ ಬೆಳಗ್ಗೆ ಕೇತೋಜ ಒಳಗಿನಿಂದ ಬಾಗಿಲನ್ನು ಗುದ್ದಿ ಮುದ್ರೆ ಒಡೆಸಿದ. ಬರಿಗಾಲಲ್ಲಿ ಅರಮನೆಗೆ ಓಡಿ, ಅರಸ ಕೊಟ್ಟಿದ್ದ ಹಾರವನ್ನು ಅವನ ಪಾದದ ಬಳಿ ಇಟ್ಟ. “ಪ್ರಭು, ಅದು ತಿರುಗುವುದಿಲ್ಲ. ಪಂಚಮಿಯಂದು ತಾವು ಕಂಡದ್ದು ಮನುಷ್ಯರ ಕಾಲು. ತಪ್ಪು ನನ್ನದು. ಹೆಗ್ಗಡೆಯವರಿಗೆ ನೀರು ಕೊಡಿಸಿ.”

ಅರಸ ಪಲ್ಲಕ್ಕಿಗೂ ಕಾಯದೆ ಬಂದ. ಪ್ರಧಾನಿ ಏದುಸಿರು ಬಿಡುತ್ತ ಹಿಂಬಾಲಿಸಿದ. ಮಲ್ಲವ್ವೆ ಆಗಲೇ ಹೊಸ್ತಿಲಲ್ಲಿದ್ದಳು, ಕೈಯಲ್ಲಿ ಕಪಿಲೆಯ ನೀರಿನ ತಂಬಿಗೆ ಹಿಡಿದು. ಅರಸ ಅದನ್ನು ತಾನೇ ತೆಗೆದುಕೊಂಡು ಮಂಡಿಯೂರಿ ಸೋವರಸನ ತುಟಿಗೆ ಹಿಡಿದ. ಮುದುಕ ಮುಖ ತಿರುಗಿಸಿದ.

“ಮೊದಲು ನಿರ್ಣಯ,” ಎಂದಿತು ಒಡೆದ ತುಟಿ. “ನಿರ್ಣಯಕ್ಕೆ ಮುಂಚೆ ಕುಡಿದರೆ… ಎತ್ತುಗಳು ಹೊರಡುತ್ತವೆ. ಮತ್ತೆ… ತುಳಿದವರ ಹೆಸರು ಕೇಳಕೂಡದು.”

“ಕೇಳುವುದಿಲ್ಲ. ನನ್ನ ಆಣೆ.”

“ಮಹಾಸ್ವಾಮಿ, ದುಡುಕಬಾರದು,” ಎಂದ ಪ್ರಧಾನಿ. “ಹನ್ನೊಂದರಿಂದ ಹದಿನಾಲ್ಕಕ್ಕೆ ಏರಿದೆ, ಗೋಡೆಯ ಮೇಲೆ ಶಿಲ್ಪಿಯ ಕೈಬರಹವೇ ಸಾಕ್ಷಿ. ಭಯದಲ್ಲಿ ಅವನು ಏನೋ ಒದರುತ್ತಿದ್ದಾನೆ. ಹುಣ್ಣಿಮೆಗೆ ಇನ್ನೂ ಮೂರು ದಿನವಿದೆ. ಜಗತ್ತಿನಲ್ಲಿ ಯಾರಿಗೂ ಇಲ್ಲದ್ದನ್ನು ಕೈಯಾರೆ ಒದೆಯುವ ಮುನ್ನ, ಒಂದೇ ಒಂದು ಸಲ ನೂಕಿಸಿ ನೋಡಿ.”

ಅರಸ ಚಕ್ರವನ್ನು ನೋಡಿದ. ಬೆಳಗಿನ ಬಿಸಿಲಿನಲ್ಲಿ ಅದರ ಹಿತ್ತಾಳೆಯ ಅರೆಗಳು ಹೊಳೆಯುತ್ತಿದ್ದವು. ಅವನಿಗೆ ಇಪ್ಪತ್ತೆರಡು ವರ್ಷ.

“ಒಂದು ಸಲ,” ಎಂದ.

ಕೇತೋಜ ನೂಕಲು ಒಪ್ಪಲಿಲ್ಲ, ಪ್ರಧಾನಿಯೇ ನೂಕಿದ. ಚಕ್ರ ತಿರುಗಿತು. ಎಲ್ಲರ ಕಣ್ಣೂ ಅದರ ಮೇಲೆ ನೆಟ್ಟಿತ್ತು. ಪ್ರಧಾನಿ ಗಟ್ಟಿಯಾಗಿ ಎಣಿಸುತ್ತಿದ್ದ: ಹತ್ತು, ಹನ್ನೆರಡು, ಹದಿನಾಲ್ಕು. ಹದಿನೈದು ದಾಟಿದಾಗ ಅರಸ ತಂಬಿಗೆ ಹಿಡಿದುಕೊಂಡೇ ಎದ್ದು ನಿಂತ. ಹದಿನಾರನೆಯ ಸುತ್ತು ಮುಗಿಸಿ ಚಕ್ರ ತೂಗಾಡಿ ನಿಂತಿತು.

“ತ್ಯಾಜ್ಯ,” ಎಂದ ಅರಸ. “ಕೇಳಿದಿರಾ ಹೆಗ್ಗಡೆಯವರೇ? ತ್ಯಾಜ್ಯ. ಈಗ ಕುಡಿಯಿರಿ.”

ಮಲ್ಲವ್ವೆ ಅರಸನ ಕೈಯಿಂದ ತಂಬಿಗೆಯನ್ನು ಮೆಲ್ಲಗೆ ತೆಗೆದುಕೊಂಡಳು. ಅವಳು ಚಕ್ರವನ್ನು ನೋಡಿರಲಿಲ್ಲ. “ಹನ್ನೆರಡನೆಯ ಸುತ್ತಿಗೇ ಹೋದರು, ಬುದ್ಧೀ,” ಎಂದಳು.

ಜ್ಯೇಷ್ಠಮಾಸದಲ್ಲಿ ಗಡಿಯ ಸೈನ್ಯವನ್ನು ಮುರಿದು ಶತ್ರು ಬೆಟ್ಟಕ್ಕೆ ಮುತ್ತಿಗೆ ಹಾಕಿದ. ಬುಡದ ಕೋಟೆಯ ಗೋಡೆ ಹೊಳೆಯಿಂದ ನೀರೆತ್ತುವ ಕಡವನ್ನು ಒಳಗೊಂಡಿದ್ದರಿಂದ ಕಪಿಲೆಗಳು ನಿಲ್ಲಲಿಲ್ಲ. ನಲವತ್ತು ಜೊತೆ ಎತ್ತುಗಳ ಗಂಟೆ ಎಪ್ಪತ್ತು ದಿನ ಶತ್ರುವಿನ ಪಾಳೆಯಕ್ಕೆ ಕೇಳಿಸುತ್ತಲೇ ಇತ್ತು. ಎಪ್ಪತ್ತೊಂದನೆಯ ದಿನ ಅವನು ಡೇರೆ ಕಿತ್ತ. ಅಷ್ಟರಲ್ಲಿ ಬೊಪ್ಪಯ್ಯನ ಪೀಠ ಬರಿದಾಗಿತ್ತು. ತುಳಿದವರ ಹೆಸರನ್ನು ಅರಸ ಕೊನೆಯವರೆಗೂ ಕೇಳಲಿಲ್ಲ.

ಕೇತೋಜನ ತಲೆ ಉಳಿಯಿತು. ಚಕ್ರವನ್ನು ಒಡೆಯಬಾರದೆಂದೂ, ಪ್ರತಿವರ್ಷ ಚೈತ್ರದ ದ್ವಾದಶಿಯಂದು ತುಂಬಿದ ಓಲಗದ ಮುಂದೆ ಅವನೇ ಅದನ್ನು ನೂಕಿ, ಕಂಡದ್ದನ್ನು ಕಂಡಷ್ಟೇ ಹೇಳಬೇಕೆಂದೂ ಅರಸ ವಿಧಿಸಿದ. ಉಳಿದ ದಿನಗಳಲ್ಲಿ ಅವನು ಬೀರನ ಪಕ್ಕದಲ್ಲಿ ಕಪಿಲೆ ಹೊಡೆಯುತ್ತಿದ್ದ. ಹಾಡು ಅವನಿಗೆ ಬಾರದು, ಉಸಿರಿನ ಜಾಗ ಮಾತ್ರ ಬರುತ್ತಿತ್ತು.

ಮೊದಲ ವರ್ಷದ ದ್ವಾದಶಿ ಬಂದಿತು. ಚಕ್ರ ತಿರುಗಿತು, ತೂಗಾಡಿತು. ಕೇತೋಜ ಅರಸನ ಕಡೆಗೆ ತಿರುಗಿ ಕೈಮುಗಿದ.

“ಹದಿನೇಳು ಸುತ್ತು, ಪ್ರಭು. ಆಮೇಲೆ ನಿಂತಿತು.”